ಜೆರುಸಲೇಮ್‌: ಅಮ್ಮನ ಜೊತೆ, ಪ್ಯಾಕೇಜ್ ಇಲ್ಲದೆ ಏಳು ರಾತ್ರಿ

"ಅಮ್ಮನಿಗೆ ಎಪ್ಪತ್ತು ಹತ್ತಿರ ಬಂತು. ಗಂಟುನೋವು ಬೇರೆ. ಗುಂಪಿಲ್ಲದೆ, ಗೈಡ್ ಇಲ್ಲದೆ ಜೆರುಸಲೇಮ್‌ಗೆ ಕರ್ಕೊಂಡು ಹೋಗ್ತೀಯಾ?" ನಮ್ಮ ಇಗರ್ಜಿಯಲ್ಲಿ ಹೋಲಿ ಲ್ಯಾಂಡ್ ಟೂರ್ ಮುಗಿಸಿ ಬಂದವರೆಲ್ಲ ಕೇಳಿದ್ದು ಇದನ್ನೇ. 2023ರ ಫೆಬ್ರವರಿಯಲ್ಲಿ ಹೋಗಿ ಬಂದೆವು. ಅವರು ಹತ್ತು ದಿನದಲ್ಲಿ ಮೂರು ದೇಶ ಸುತ್ತಿ ನೋಡಿದ್ದಕ್ಕಿಂತ ಜಾಸ್ತಿಯನ್ನು ನಾವು ಒಂದು ಚದರ ಕಿಲೋಮೀಟರೂ ಇಲ್ಲದ ಆ ಹಳೇ ಪಟ್ಟಣದಲ್ಲಿ ನೋಡಿದೆವು.

ಇದು ನನ್ನ ಮೂರನೇ ಸಲ. ಮೊದಲೆರಡು ಸಲ ಕೆಟ್ಟದ್ದರಿಂದಲೇ ಈ ಸಲ ಸರಿಹೋಯಿತು.

2018ರಲ್ಲಿ ಗುಂಪಿನ ಜೊತೆ ಹೋಗಿದ್ದೆ. ತಲೆಗೆ ಸುಮಾರು ಒಂದು ಲಕ್ಷದ ಹತ್ತು ಸಾವಿರ. ಹಳೇ ಪಟ್ಟಣಕ್ಕೆ ಸಿಕ್ಕಿದ್ದು ನಾಲ್ಕು ಗಂಟೆ. ಬಂಗಾರದ ಗುಮ್ಮಟ ಇರುವ ಮುಸ್ಲಿಮರ ಪವಿತ್ರ ಆವರಣ, ಹರಾಂ ಅಲ್-ಶರೀಫ್‌ನ ಬಾಗಿಲಿಗೆ ಹನ್ನೊಂದಕ್ಕೆ ಮುಟ್ಟಿದಾಗ ಒಳಗೆ ಬಿಡುವ ಬೆಳಗಿನ ಹೊತ್ತು ಮುಗಿದಿತ್ತು. ಪುನರುತ್ಥಾನದ ಇಗರ್ಜಿಯಲ್ಲಿ ಯೇಸುವಿನ ಗೋರಿಯ ಮುಂದೆ ಎರಡು ಗಂಟೆಯ ಸಾಲು. ಬಸ್ ಕಾಯ್ತಿದೆ ಅಂತ ಅರ್ಧದಲ್ಲೇ ಎಳೆದುಕೊಂಡು ಹೋದರು.

2019ರಲ್ಲಿ ಒಬ್ಬನೇ ಹೋದೆ. ಗುಡ್ ಫ್ರೈಡೇ ಅಲ್ಲೇ ಆಚರಿಸಬೇಕು ಅಂತ ಆಸೆ, ಆದರೆ ಟಿಕೆಟ್ ಸಿಕ್ಕಿದ್ದು ಅದೇ ದಿನ ಸಂಜೆ ಇಳಿಯುವುದಕ್ಕೆ. ಅವತ್ತು ಯಹೂದಿಯರ ಪಾಸ್ಖ ಹಬ್ಬವೂ ಶುರು, ಅವರ ವಾರದ ವಿಶ್ರಾಂತಿ ದಿನ ಸಬ್ಬತ್ತೂ ಶುರು. ಇಮಿಗ್ರೇಷನ್‌ನಲ್ಲಿ ಪ್ರಶ್ನೆ ಮುಗಿಸಿ ಹೊರಗೆ ಬರುವಾಗ ರೈಲೂ ಇಲ್ಲ, ಬಸ್ಸೂ ಇಲ್ಲ. ಟ್ಯಾಕ್ಸಿಗೆ ಮುನ್ನೂರು ಶೆಕೆಲ್ ಚಿಲ್ಲರೆ ಹೋಯಿತು, ನಮ್ಮ ಆರು ಸಾವಿರದ ಮೇಲೆ. ಕೋಣೆ ಬಾಡಿಗೆ ದುಪ್ಪಟ್ಟು. ಮರುದಿನ ಪೊಲೀಸರ ತಡೆ, ಜನಸಂದಣಿ. ಇಗರ್ಜಿಯ ಅಂಗಳಕ್ಕೂ ಮುಟ್ಟಲಾಗಲಿಲ್ಲ.

ಟೆಲ್ ಅವೀವ್‌ನಲ್ಲಿ ನನ್ನ ಚಿಕ್ಕಪ್ಪನ ಮಗಳಿದ್ದಾಳೆ. ನಮ್ಮ ಕರಾವಳಿಯ ಎಷ್ಟೋ ಜನರ ಹಾಗೆ ಅವಳೂ ಅಲ್ಲಿ ಕೇರ್‌ಗಿವರ್. ಆಗ ಅವಳು ಹೇಳಿದ್ದು ಇಷ್ಟೇ: "ಅಣ್ಣಾ, ಇಲ್ಲಿ ಮ್ಯಾಪ್ ನೋಡಿ ಏನೂ ಆಗುವುದಿಲ್ಲ. ವಾರ ನೋಡಿ ಬನ್ನಿ."

ನನ್ನ ಲೆಕ್ಕ ಅಲ್ಲಿಂದ ಶುರುವಾಯಿತು. ಶುಕ್ರವಾರ ಮುಸ್ಲಿಮರದ್ದು, ಶನಿವಾರ ಯಹೂದಿಯರದ್ದು, ಭಾನುವಾರ ನಮ್ಮದು. ಯಾರ ದಿನ ಯಾವುದೋ ಆ ದಿನ ಅವರ ಜಾಗ ತುಂಬಿರುತ್ತದೆ, ಉಳಿದವರ ಜಾಗ ಸ್ವಲ್ಪ ಉಸಿರಾಡುತ್ತದೆ. ಈಸ್ಟರ್, ಪಾಸ್ಖ, ರಂಜಾನ್ ಮೂರನ್ನೂ ಬಿಟ್ಟು, ಈಸ್ಟರ್ ಮುಂಚಿನ ಉಪವಾಸದ ತಪಸ್ಸುಕಾಲ ಶುರುವಾಗುವ ಮೊದಲೇ ಫೆಬ್ರವರಿ 5ರ ಭಾನುವಾರ ಇಳಿದೆವು. ಏರ್‌ಪೋರ್ಟ್‌ನಿಂದ ರೈಲಿನಲ್ಲಿ ಅರ್ಧ ಗಂಟೆ, ಆಮೇಲೆ ಟ್ರಾಮ್. ಎಲ್ಲ ಓಡುತ್ತಿತ್ತು.

ಎರಡನೇ ನಿರ್ಧಾರ, ಕೋಣೆ ಹಳೇ ಪಟ್ಟಣದ ಕೋಟೆಗೋಡೆಯ ಒಳಗೇ ಇರಬೇಕು. ಹೊರಗೆ ಅಗ್ಗ, ನಿಜ. ಆದರೆ ಗಂಟುನೋವಿನವರು ದಿನಕ್ಕೆ ಎರಡು ಸಲ ಹೋಗಿ ಬರುವುದು ಆಗದ ಮಾತು. ಒಂದು ಕಾನ್ವೆಂಟಿನ ಅತಿಥಿಗೃಹ ಸಿಕ್ಕಿತು, ಇಬ್ಬರಿಗೆ ರಾತ್ರಿಗೆ ಏಳೂವರೆ ಸಾವಿರದ ಹಾಗೆ. ಹೆಸರು ಬರೆಯುವುದಿಲ್ಲ, ಇರುವುದೇ ಕೆಲವು ಕೋಣೆ, ಇನ್ನೊಮ್ಮೆ ನನಗೂ ಬೇಕು. ಚಕ್ರದ ಸೂಟ್‌ಕೇಸ್ ಮಾತ್ರ ತರಬೇಡಿ. ಡಮಾಸ್ಕಸ್ ಗೇಟಿನ ಮೆಟ್ಟಿಲಿನಲ್ಲೇ ನಮ್ಮದರ ಒಂದು ಚಕ್ರ ಹೋಯಿತು.

ಉಡುಪಿಯಲ್ಲಿ ಆರುನೂರು ರೂಪಾಯಿಗೆ ಕೊಂಡ ಮಡಚುವ ಸ್ಟೂಲ್ ಇಡೀ ಯಾತ್ರೆಯನ್ನು ಉಳಿಸಿತು. ಸಾಲಿನಲ್ಲಿ, ಓಣಿಯಲ್ಲಿ, ಎಲ್ಲಿ ಬೇಕಾದರೂ ಅಮ್ಮ ಕೂತಳು. "ಮಗಾ, ಒಂದೈದು ನಿಮಿಷ" ಅನ್ನುವಳು, ಸ್ಟೂಲ್ ಬಿಚ್ಚುವೆ.

ಅಡುಗೆಯಲ್ಲಿ ಮಾತ್ರ ಎಡವಿದೆ. ಅಮ್ಮನಿಗೆ ಗಂಜಿ ಬೇಕು ಅಂತ ಸಣ್ಣ ಎಲೆಕ್ಟ್ರಿಕ್ ಕುಕ್ಕರ್, ಎರಡು ಕೆ.ಜಿ. ಕುಚ್ಚಲಕ್ಕಿ ಹೊತ್ತಿದ್ದೆ. ಮೊದಲ ರಾತ್ರಿಯೇ ಆ ಮಹಡಿಯ ಫ್ಯೂಸ್ ಹೋಯಿತು. ಸಿಸ್ಟರ್ ಕುಕ್ಕರ್ ತೆಗೆದಿಟ್ಟುಕೊಂಡರು. ಆಮೇಲೆ ಅವಲಕ್ಕಿ, ಮೊಸರು, ಮಿಡಿ ಉಪ್ಪಿನಕಾಯಿ. ಬೆಳಿಗ್ಗೆ ಬೀದಿಯಲ್ಲಿ ಕಾಅಕ್ ಅಂತ ಎಳ್ಳು ಹಚ್ಚಿದ ಉದ್ದನೆಯ ಬ್ರೆಡ್ ಸಿಗುತ್ತದೆ, ಒಂದು ಇಬ್ಬರಿಗೆ ಸಾಕು. ಅಕ್ಕಿ ಹಾಗೇ ವಾಪಸ್ ಬಂತು.

ಸೋಮವಾರ ಹರಾಂ. ಮುಸ್ಲಿಮರಲ್ಲದ ನಮ್ಮಂಥವರಿಗೆ ಮುಗ್ರಾಬಿ ಗೇಟ್ ಒಂದೇ ದಾರಿ, ಆಗ ಬಿಡುತ್ತಿದ್ದದ್ದು ಬೆಳಿಗ್ಗೆ ಮೂರು ಗಂಟೆಯಷ್ಟು, ಮಧ್ಯಾಹ್ನ ಒಂದು ಗಂಟೆಯಷ್ಟು ಮಾತ್ರ. ಶುಕ್ರ, ಶನಿ ಇಲ್ಲ. ಆರೂಮುಕ್ಕಾಲಿಗೆ ಸಾಲಿನಲ್ಲಿದ್ದೆವು. ಜಪಸರ, ಬೈಬಲ್ ಕೋಣೆಯಲ್ಲೇ ಬಿಟ್ಟು ಬನ್ನಿ, ತಪಾಸಣೆಯಲ್ಲಿ ತಕರಾರಾಗುತ್ತದೆ. ಸಾಲಿನಲ್ಲಿ ಎಲ್ಲಿ ನಿಂತರೆ ಬೇಗ ಒಳಗೆ ಹೋಗಬಹುದು ಅನ್ನುವುದಕ್ಕೂ ಒಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ. ಬಂಗಾರದ ಗುಮ್ಮಟದ ಕಟ್ಟಡದ ಒಳಗೆ ಬಿಡುವುದಿಲ್ಲ, ಆದರೆ ಅಂಗಳದ ಮರದಡಿ ಅಮ್ಮ ಮುಕ್ಕಾಲು ಗಂಟೆ ಕೂತಳು. ಇಳಿದ ಮೇಲೆ ಯಹೂದಿಯರು ಪ್ರಾರ್ಥಿಸುವ ಪಶ್ಚಿಮ ಗೋಡೆ. ಹೆಂಗಸರ ಕಡೆ ಅಮ್ಮ ಒಬ್ಬಳೇ ಹೋದಳು. ಕಲ್ಲಿನ ಸಂದಿಯಲ್ಲಿ ಕನ್ನಡದಲ್ಲೇ ಬರೆದ ಚೀಟಿ ಇಟ್ಟು ಬಂದಳು. ಏನು ಬರೆದಳು ಅಂತ ಇವತ್ತಿಗೂ ಹೇಳಿಲ್ಲ.

ಸಿಯೋನ್ ಗುಡ್ಡದ ಒಂದು ಕಟ್ಟಡಕ್ಕೆ ತಪ್ಪದೆ ಹೋಗಿ. ಕೆಳಗೆ ದಾವೀದ ರಾಜನ ಗೋರಿ, ಯಹೂದಿಯರು ಪ್ರಾರ್ಥಿಸುತ್ತಾರೆ. ಮೇಲೆ ಯೇಸುವಿನ ಕಡೇ ಭೋಜನದ ಕೋಣೆ. ಅದೇ ಕೋಣೆಯ ಗೋಡೆಯಲ್ಲಿ ಮಸೀದಿಯಾಗಿದ್ದ ಕಾಲದ ಮಿಹ್ರಾಬ್, ಅಂದರೆ ಮೆಕ್ಕಾದ ದಿಕ್ಕು ತೋರುವ ಗೂಡು. ಹೆರೋದ್ ಗೇಟಿನ ಹತ್ತಿರ ಭಾರತದವರ ಮುಸಾಫಿರಖಾನೆ ಇದೆ, ಎಂಟುನೂರು ವರ್ಷದ ಹಿಂದೆ ಪಂಜಾಬಿನ ಸೂಫಿ ಬಾಬಾ ಫರೀದ್ ತಂಗಿದ್ದ ಜಾಗ ಅನ್ನುತ್ತಾರೆ. ಗಂಟೆ ಒತ್ತಿದೆವು, ಒಳಗೆ ಬಿಟ್ಟರು.

ಅಮ್ಮ ಮಲಗಿದ್ದ ಒಂದು ಮಧ್ಯಾಹ್ನ ನಾನು ಬೈಬಲ್ ಕಾಲದ ನೀರಿನ ಕಾಲುವೆ, ಹಿಜ್ಕೀಯನ ಸುರಂಗಕ್ಕೆ ಹೋದೆ. ಅರ್ಧ ಕಿಲೋಮೀಟರ್ ಕತ್ತಲು, ಶುರುವಿನಲ್ಲಿ ತೊಡೆವರೆಗೆ ನೀರು. ಟಾರ್ಚ್ ಬೇಕೇ ಬೇಕು. ರಬ್ಬರ್ ಚಪ್ಪಲಿ ಹಾಕಿದ್ದೆ, ಅದು ಕಾಲಲ್ಲಿ ನಿಲ್ಲಲೇ ಇಲ್ಲ.

ಶುಕ್ರವಾರ ಬೆತ್ಲೆಹೇಮಿಗೋ ಮತ್ತೆಲ್ಲಿಗೋ ಹೋಗಬೇಡಿ, ಹಳೇ ಪಟ್ಟಣದಲ್ಲೇ ಇರಿ. ಮಧ್ಯಾಹ್ನ ನಮಾಜು ಮುಗಿಸಿ ಸಾವಿರಾರು ಜನ ಓಣಿಗಳಲ್ಲಿ ಹೊರಗೆ ಬರುತ್ತಾರೆ. ಚಳಿಗಾಲದಲ್ಲಿ ಮೂರಕ್ಕೆ ಅದೇ ಓಣಿಗಳಲ್ಲಿ ಫ್ರಾನ್ಸಿಸ್ಕನ್ ಫಾದರ್‌ಗಳ ಶಿಲುಬೆ ಹಾದಿ, ಯೇಸು ಶಿಲುಬೆ ಹೊತ್ತ ದಾರಿಯ ಹದಿನಾಲ್ಕು ಸ್ಥಳಗಳಲ್ಲಿ ನಿಂತು ಪ್ರಾರ್ಥಿಸುವ ಮೆರವಣಿಗೆ. ಅದು ಮುಗಿಯುವಷ್ಟರಲ್ಲಿ ಕಪ್ಪು ಕೋಟಿನ ಯಹೂದಿಯರು ಪಶ್ಚಿಮ ಗೋಡೆಯ ಕಡೆ ಬಿರಬಿರನೆ ನಡೆಯುತ್ತಿರುತ್ತಾರೆ. ಅಮ್ಮ ಹದಿನಾಲ್ಕು ಸ್ಥಳವನ್ನೂ ನಡೆದಳು. ಏಳನೇ ಸ್ಥಳದಲ್ಲಿ ಒಬ್ಬ ಮುಸ್ಲಿಂ ಅಂಗಡಿಯಾತ ತಾನೇ ಸರಕು ಸರಿಸಿ ನಮ್ಮ ಸ್ಟೂಲಿಗೆ ಜಾಗ ಮಾಡಿದ.

ಗೋರಿಯ ಸಾಲಿಗೆ ನನ್ನ ಉತ್ತರ ಬೆಳಗಿನ ಜಾವ. ಚಳಿಗಾಲದಲ್ಲಿ ಇಗರ್ಜಿ ನಾಲ್ಕಕ್ಕೇ ತೆರೆಯುತ್ತದೆ. ಕೀಲಿ ಒಂದು ಮುಸ್ಲಿಂ ಮನೆತನದ್ದು, ಬಾಗಿಲು ತೆರೆಯುವ ಹಕ್ಕು ಇನ್ನೊಂದು ಮುಸ್ಲಿಂ ಮನೆತನದ್ದು. ಒಳಗಿನಿಂದ ಬಾಗಿಲಿನ ಕಿಂಡಿಯಲ್ಲಿ ಒಂದು ಏಣಿ ಹೊರಗೆ ಬರುತ್ತದೆ, ಬಾಗಿಲಿನವ ಅದನ್ನು ಹತ್ತಿ ಮೇಲಿನ ಬೀಗ ತೆಗೆಯುತ್ತಾನೆ. ಏಣಿ ಕಲ್ಲಿಗೆ ತಾಗುವ ಸದ್ದು ಬಿಟ್ಟರೆ ಇಡೀ ಅಂಗಳ ನಿಶ್ಶಬ್ದ. ಗೋರಿಯಲ್ಲೇ ಲತೀನ್, ಅಂದರೆ ಕ್ಯಾಥೋಲಿಕ್ ಬಲಿಪೂಜೆ ಆಗುತ್ತದೆ. ನಾವು ಹೋದಾಗ ಇಪ್ಪತ್ತು ಜನವೂ ಇರಲಿಲ್ಲ.

ಖರ್ಚು ಹೇಳಿಬಿಡುತ್ತೇನೆ. ದುಬೈ ಮೂಲಕ ವಿಮಾನ ಇಬ್ಬರಿಗೆ ಎಂಬತ್ತೈದು ಸಾವಿರದ ಹಾಗೆ, ಕೋಣೆ ಐವತ್ತೆರಡು, ಊಟ-ಓಡಾಟ-ವೀಸಾ-ವಿಮೆ ಎಲ್ಲ ಸೇರಿ ನಲವತ್ತು. ಒಟ್ಟು ಒಂದು ಲಕ್ಷ ಎಂಬತ್ತು ಸಾವಿರದ ಒಳಗೆ. ಆಗ ಗುಂಪಿನವರು ಇಬ್ಬರಿಗೆ ಕೇಳಿದ್ದು ಎರಡೂಮುಕ್ಕಾಲು ಲಕ್ಷ.

ಏಳು ದಿನದಲ್ಲಿ ನಾಲ್ಕು ಬೆಳಗಿನ ಜಾವ ಅಮ್ಮ ಆ ಬಾಗಿಲಿಗೆ ಹೋದಳು. ನಾಲ್ಕನೇ ಸಲ ಬಾಗಿಲಿನವ ಅವಳ ಗುರುತು ಹಿಡಿದ. ಒಳಗೆ ಎಡಗಡೆ ತಾನು ಕೂರುವ ಬೆಂಚು ತೋರಿಸಿದ. ಅಮ್ಮ ಸ್ಟೂಲನ್ನು ನನ್ನ ಕೈಗೆ ಕೊಟ್ಟು, ಅಲ್ಲಿ ಕೂತು ಜಪಸರ ಮುಗಿಸಿದಳು. ಹತ್ತು ಗಂಟೆಗೆ ಏರ್‌ಪೋರ್ಟ್ ರೈಲು ಹತ್ತಿದೆವು.