ಇಟಲಿಯ ನಟಿ ಅನ್ನಾ ಮನ್ಯಾನಿ ಸಿನಿಮಾ ನೋಡೋಕೆ ಎಲ್ಲಿಂದ ಶುರು ಮಾಡಬೇಕು?

ಆಸ್ಕರ್ ಬಂದ ಸಿನಿಮಾದಿಂದ ಮಾತ್ರ ಬೇಡ. 1955ರ ‘ದಿ ರೋಸ್ ಟ್ಯಾಟೂ’ ಚೆನ್ನಾಗಿಲ್ಲ ಅಂತಲ್ಲ. ಅಮೆರಿಕದ ನಾಟಕಕಾರ ಟೆನೆಸ್ಸೀ ವಿಲಿಯಮ್ಸ್ ಅದರ ಮೂಲ ನಾಟಕ ಬರೆದದ್ದೇ ಇವರನ್ನು ಮನಸ್ಸಲ್ಲಿಟ್ಟುಕೊಂಡು. ತನ್ನ ಇಂಗ್ಲಿಷ್ ಸಾಲದು ಅಂತ ರಂಗದ ಮೇಲೆ ಮಾಡಲು ಒಪ್ಪದವರು ಆಮೇಲೆ ಸಿನಿಮಾ ಮಾಡಿ ಅತ್ಯುತ್ತಮ ನಟಿ ಪ್ರಶಸ್ತಿ ಗೆದ್ದರು. ಆದರೆ ಅದು ಅವರ ಭಾಷೆಯೂ ಅಲ್ಲ, ಅವರ ಊರೂ ಅಲ್ಲ. ಅವರ ಊರು ರೋಮ್. 1908ರಲ್ಲಿ ಹುಟ್ಟಿ, ಅಜ್ಜಿಯ ಹತ್ತಿರ ಬೆಳೆದು, ನಾಟಕ ಕಲಿತು, ಹಾಡು ಹಾಸ್ಯದ ಪ್ರದರ್ಶನಗಳಲ್ಲಿ ಜನರನ್ನು ನಗಿಸುತ್ತಿದ್ದವರು.

ಹಾಗಾಗಿ ಮೊದಲು 1945ರ ‘ರೋಮ್, ಓಪನ್ ಸಿಟಿ’ ನೋಡಿ. ಎರಡನೇ ಮಹಾಯುದ್ಧದಲ್ಲಿ ರೋಮ್ ಹಿಡಿದಿದ್ದ ಜರ್ಮನ್ನರು ಊರು ಬಿಟ್ಟು ಒಂದು ವರ್ಷವೂ ಆಗಿರಲಿಲ್ಲ, ಆಗಲೇ ನಿರ್ದೇಶಕ ರೊಸ್ಸೆಲ್ಲೀನಿ ಚಿತ್ರೀಕರಣ ಶುರು ಮಾಡಿದ್ದರು. ಇದರಲ್ಲಿ ಮನ್ಯಾನಿಯ ಪಾತ್ರ ಪೀನಾ, ಲಾರಿಯ ಹಿಂದೆ ಓಡುವ ದೃಶ್ಯ ತುಂಬಾ ಹೆಸರುವಾಸಿ. ದಯವಿಟ್ಟು ಅದನ್ನು ಯೂಟ್ಯೂಬ್‌ನಲ್ಲಿ ತುಣುಕಾಗಿ ನೋಡಬೇಡಿ. ಬ್ರೆಡ್ಡಿಗಾಗಿ ಗಲಾಟೆ ಮಾಡುವ, ತಂಗಿ ಜೊತೆ ಜಗಳ ಆಡುವ, ಮೆಟ್ಟಿಲ ಮೇಲೆ ಕೂತು ಮದುವೆಯಾಗುವವನ ಹತ್ತಿರ ಮನಸ್ಸು ಬಿಚ್ಚಿ ಮಾತಾಡುವ ಹೆಂಗಸನ್ನು ಅಷ್ಟು ಹೊತ್ತು ನೋಡಿದ್ದರೆ ಮಾತ್ರ ಆ ಓಟ ನಮ್ಮ ಎದೆಗೆ ಬಂದು ತಾಗುತ್ತದೆ, ಅಲ್ವಾ?

ಇಂಗ್ಲಿಷ್ ಡಬ್ಬಿಂಗ್ ಬೇಡವೇ ಬೇಡ. ಇಟಾಲಿಯನ್ ಧ್ವನಿ, ಕೆಳಗೆ ಸಬ್‌ಟೈಟಲ್ ಇಟ್ಟುಕೊಳ್ಳಿ. ಇಷ್ಟವಾದ ದೃಶ್ಯವನ್ನು ಎರಡು ಸಲ ನೋಡಿ: ಒಮ್ಮೆ ಓದಿಕೊಂಡು, ಇನ್ನೊಮ್ಮೆ ಸುಮ್ನೆ ಆ ದನಿ ಕೇಳಿಕೊಂಡು. ಅರ್ಧ ನಟನೆ ಆ ಗಂಟಲಲ್ಲೇ ಇದೆ.

ಎರಡನೆಯದು ವಿಸ್ಕೊಂತಿಯ ‘ಬೆಲ್ಲಿಸ್ಸಿಮಾ’, 1951. ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಟ್ಟು ದುಡಿಯುವ ತಾಯಿ, ಮಗಳನ್ನು ಸಿನಿಮಾಕ್ಕೆ ಸೇರಿಸಬೇಕು ಅಂತ ಒದ್ದಾಡುತ್ತಾಳೆ. ಪ್ರೊಜೆಕ್ಟರ್ ಕೋಣೆಯಿಂದ ಇಣುಕಿ, ಮಗು ಅಳುವುದನ್ನು ಪರದೆ ಮೇಲೆ ನೋಡಿ ಚಿತ್ರತಂಡದವರು ನಗುವುದನ್ನು ಅವಳು ಕಾಣುತ್ತಾಳಲ್ಲ, ಆಗ ಅವಳ ಮುಖ ನೋಡಿ. ನನಗೆ ಇದಕ್ಕಿಂತ ದೊಡ್ಡ ನಟನೆ ಗೊತ್ತಿಲ್ಲ.

ಆಮೇಲೆ ಪಸೋಲೀನಿಯ ‘ಮಮ್ಮಾ ರೋಮಾ’, 1962. ಮನ್ಯಾನಿ ರಾತ್ರಿ ರಸ್ತೆಯಲ್ಲಿ ಮಾತಾಡುತ್ತಾ ನಡೆಯುತ್ತಾರೆ, ಒಬ್ಬೊಬ್ಬರೇ ಬಂದು ಜೊತೆ ಸೇರಿ ಕತ್ತಲಲ್ಲಿ ಮರೆಯಾಗುತ್ತಾರೆ, ಇವರ ಮಾತು ಮಾತ್ರ ನಿಲ್ಲುವುದಿಲ್ಲ.

‘ದಿ ರೋಸ್ ಟ್ಯಾಟೂ’ ಈಗ ನೋಡಿ. ಕೊನೆಗೆ ಫೆಲ್ಲೀನಿಯ 1972ರ ‘ರೋಮಾ’. ಅದರಲ್ಲಿ ಅವರು ಬರುವುದು ಒಂದೇ ಗಳಿಗೆ. ರಾತ್ರಿ ಮನೆ ಬಾಗಿಲಲ್ಲಿ ನಿಂತು, ನಿನ್ನನ್ನು ನಂಬಲ್ಲ ಹೋಗು ಅಂತ ಫೆಲ್ಲೀನಿಗೇ ಹೇಳಿ ಬಾಗಿಲು ಹಾಕಿಕೊಳ್ಳುತ್ತಾರೆ. ಮುಂದಿನ ವರ್ಷ ತೀರಿಕೊಂಡರು.