ಸಿಇಟಿ ಪ್ಯಾಟರ್ನ್ ಹಿಡಿದು ತಯಾರಿ ಮಾಡಿಸಿದ್ದು: ನನ್ನ ಅನುಭವ

ಶಿರಸಿಲಿ ನಮ್ಮನೆ ಜಗಲಿ ಮೇಲೇ ಸಿಇಟಿ ಟ್ಯೂಷನ್, ಅಂದ್ರೆ ಪಿಯುಸಿ ಮಕ್ಕಳು ಇಂಜಿನಿಯರಿಂಗ್ ಮುಂತಾದ ಕೋರ್ಸಿಗೆ ಬರೆಯೋ ರಾಜ್ಯದ ಪ್ರವೇಶ ಪರೀಕ್ಷೆಗೆ. "ಮಾಸ್ತರ್ರೇ, ಪಾಠ ಬಿಟ್ಟು ಎಂಥಾ ಬಬಲ್ ತುಂಬಿಸ್ತಾ ಕೂತಿದ್ರಿ" ಅಂತ ಕೇಳಿದ ಪಾಲಕರೇ ಈಗ ತಮ್ಮನ್ನ ಕಳಿಸ್ತೇವೆ, ತಂಗಿನ್ನ ಕಳಿಸ್ತೇವೆ ಅಂತ ಫೋನ್ ಮಾಡ್ತಿದಾರೆ, ಅದಕ್ಕೇ ಬರೀತಿದೀನಿ. ಬಬಲ್ ಅಂದ್ರೆ ಉತ್ತರದ ಹಾಳೆಲಿ ಪೆನ್ನಿಂದ ತುಂಬೋ ಗೋಲ.

ಮೊದಲ ಬ್ಯಾಚಲ್ಲಿ ಕೈಸುಟ್ಟುಕೊಂಡೆ. ಮೆಡಿಕಲ್ ಪ್ರವೇಶದ ನೀಟ್ ಪರೀಕ್ಷೆಯ ಟೆಸ್ಟ್ ಸೀರೀಸ್ ತರಿಸಿದ್ದು, ಹದಿನೆಂಟು ಸಾವಿರದ ಹತ್ರ ಹೋಯ್ತು. ಅಲ್ಲಿ ತಪ್ಪಿಗೆ ಮೈನಸ್ ಒಂದು, ಹಾಗಾಗಿ ಮಕ್ಕಳಿಗೆ ಗೊತ್ತಿಲ್ಲದ್ದು ಖಾಲಿ ಬಿಡೋ ಚಟ ಬಿತ್ತು, ಅದೇ ಚಟ ತಗೊಂಡು ಸಿಇಟಿಗೆ ಹೋದ್ರು. ಒಬ್ಬಳು ಫಿಸಿಕ್ಸಲ್ಲಿ 14 ಖಾಲಿ ಬಿಟ್ಟು ಬಂದ್ಲು! ಸಿಇಟಿಲಿ ನೆಗೆಟಿವ್ ಇಲ್ಲ ಅಂತ ಅವಳಿಗೆ ಗೊತ್ತಿತ್ತು, ಆದ್ರೂ ಕೈ ಬರಲಿಲ್ಲ. ಅವತ್ತು ರಾತ್ರಿ ನಂಗೆ ನಿದ್ದೆ ಬರಲಿಲ್ಲ.

ಮಾರನೇ ವರ್ಷ ಬರೀ ಓಎಂಆರ್ (ಬಬಲ್ ಇರೋ ಉತ್ತರದ ಹಾಳೆ) ಜೆರಾಕ್ಸ್, ಸುಮಾರು 600 ಹಾಳೆ, ಸಾವಿರದ ಚಿಲ್ಲರೆ ಖರ್ಚು. ಒಂದು ಸಬ್ಜೆಕ್ಟಿಗೆ 60 ಪ್ರಶ್ನೆ, ಒಟ್ಟು 80 ನಿಮಿಷದಲ್ಲಿ ಬರೆಯೋಕೆ ಸಿಗೋದು 70, ಗಡಿಯಾರ ಎದುರಿಗೆ. ಬಬಲ್ ಯಾವಾಗ ತುಂಬೋದು ಅಂತ ಮೂರ್ನಾಲ್ಕು ವಾರ ಪ್ರಯೋಗ ಮಾಡಿದೆ. ಒಂದೊಂದಕ್ಕೇ ತುಂಬಿದ್ರೆ ಹತ್ತು ಹನ್ನೆರಡು ನಿಮಿಷ ತಿಂತದೆ, ಎಲ್ಲ ಕೊನೆಗೆ ಇಟ್ಟುಕೊಂಡ ಹುಡುಗ ಒಂದು ಪ್ರಶ್ನೆ ಬಿಟ್ಟಿದ್ದು ಮರೆತು 23ರಿಂದ ಕೆಳಗೆ ಪೂರ್ತಿ ಒಂದೊಂದು ಸಾಲು ಜಾರಿಸಿದ್ದ, ಬಾಲ್ ಪೆನ್, ಅಳಿಸೋ ಮಾತೇ ಇಲ್ಲ. ಪುಟ ಮುಗಿದ ಹಾಗೆ ತುಂಬೋದು ನಮಗೆ ಕೂಡಿ ಬಂತು.

2.30ಕ್ಕೂ ಒಂದು ಪೇಪರ್ ಇರ್ತದಲ್ಲ, ಅದಕ್ಕೇ ಏಪ್ರಿಲ್ ಸೆಕೆಲಿ ಉಂಡ ಮೇಲೇ ಟೆಸ್ಟ್ ಇಟ್ಟೆ, ಕರೆಂಟ್ ಹೋದ್ರೂ ನಿಲ್ಲಿಸಲಿಲ್ಲ. ಮಜ್ಜಿಗೆ ಅನ್ನ ಉಂಡವರು ಸಾಂಬಾರ್ ಉಂಡವರಿಗಿಂತ ಚುರುಕಿದ್ರು, ಅದನ್ನೂ ಬರೆದಿಟ್ಟಿದೀನಿ.

2024ರ ಸಿಇಟಿಲಿ ಸಿಲೆಬಸ್ ಹೊರಗಿನ 50 ಪ್ರಶ್ನೆ ಕೊನೆಗೆ ಕೈಬಿಟ್ರಲ್ಲ, ಆ ಪೇಪರನ್ನ ಬೇಕಂತಲೇ ಹಾಗೇ ಕೊಟ್ಟೆ. ಬಾರದ್ದು ಕಂಡ ಕೂಡ್ಲೆ ಗುರುತು ಹಾಕಿ ಮುಂದೆ ಹೋಗೋದು ಅದರಿಂದಲೇ ಕಲಿತ್ರು. ಗಣಿತದಲ್ಲಿ ಮೊದಲ ಸುತ್ತಿಗೆ ಯಾವ ಚಾಪ್ಟರ್ ಹಿಡಿಸ್ತೀನಿ ಅನ್ನೋದು ಮಾತ್ರ ಇಲ್ಲಿ ಹೇಳಲ್ಲ, ಅದು ನನ್ನ ಬ್ಯಾಚಿನವರಿಗೆ.

ಈ ಸಲ 11 ಜನ ಬರೆದ್ರು, ಒಂದೂ ಬಬಲ್ ಖಾಲಿ ಇಲ್ಲ. ಎಂಟು ಜನಕ್ಕೆ ಡಿಸೆಂಬರ್ ಟೆಸ್ಟಿಗಿಂತ ಮೂರೂ ಸಬ್ಜೆಕ್ಟ್ ಸೇರಿ 180ಕ್ಕೆ ಇಪ್ಪತ್ತೈದು ಮೂವತ್ತು ಜಾಸ್ತಿ ಬಂತು. ಆ 14 ಖಾಲಿ ಬಿಟ್ಟವಳ ತಮ್ಮನೂ ಇದೇ ಬ್ಯಾಚಲ್ಲಿದ್ದ, ಮೊನ್ನೆ ಅಕ್ಕ ತಮ್ಮ ಇಬ್ರೂ ಮನೆಗೆ ಬಂದು ಸಿಹಿ ಕೊಟ್ಟು ಹೋದ್ರು.