ಕೆಲಸ ಇಲ್ಲದ ಕುರ್ಚಿ, ಒಂದು ಹಳೇ ಮೇಜು ಮತ್ತು 1915ರ ಚರ್ಚಿಲ್

ಮೂರು ವರ್ಷದ ಹಿಂದೆ ನಾನು ಲೀಡ್ ಮಾಡ್ತಿದ್ದ ಸಾಫ್ಟ್‌ವೇರ್ ಪ್ರಾಜೆಕ್ಟ್ ಮಕಾಡೆ ಮಲಗ್ತು. ಬೇರೆಯವರ ತಪ್ಪೂ ಇತ್ತು, ಆದ್ರೆ ಟೆಸ್ಟಿಂಗ್ ಮುಗಿಯೋ ಮುಂಚೆನೇ ಲೈವ್ ಹೋಗೋಣ, ಅಂದ್ರೆ ಗ್ರಾಹಕರ ಕೈಗೆ ಕೊಟ್ಟುಬಿಡೋಣ ಅಂತ ಹಠ ಹಿಡಿದಿದ್ದು ನಾನೇ. ಕೆಲಸದಿಂದ ತೆಗೀಲಿಲ್ಲ. ಡೆಸಿಗ್ನೇಷನ್ ಹಾಗೇ ಬಿಟ್ಟು ಟೀಮ್ ಮಾತ್ರ ಕಿತ್ಕೊಂಡ್ರು, ಅದು ಇನ್ನೂ ಕಷ್ಟ. ಬೆಳಿಗ್ಗೆ ಹೋಗಿ ಕೂತ್ರೆ ಸಂಜೆವರೆಗೂ ಒಂದು ಮೇಲ್ ಬರ್ತಿರ್ಲಿಲ್ಲ, ಮೀಟಿಂಗ್ ರೂಮಿನ ಗಾಜಿನಾಚೆ ನನ್ನ ಹುಡುಗ್ರು ಬೇರೆ ಯಾರದೋ ಮುಂದೆ ಕೂತಿರೋದು ಕಾಣ್ತಿತ್ತು.

ಚರ್ಚಿಲ್ ಬಗ್ಗೆ ಓದೋಕೆ ಶುರು ಮಾಡಿದ್ದು ಆವಾಗ. ಎರಡನೇ ಮಹಾಯುದ್ಧದ ಹೊತ್ತಲ್ಲಿ ಬ್ರಿಟನ್ ಪ್ರಧಾನಿಯಾಗಿದ್ದ ಚರ್ಚಿಲ್ ಎಲ್ಲರಿಗೂ ಗೊತ್ತು, ಬಾಯಲ್ಲಿ ಸಿಗಾರ್, ಎತ್ತಿದ ಎರಡು ಬೆರಳು, ರೇಡಿಯೋದಲ್ಲಿ ಭಾಷಣ. ನನ್ನ ಕೈ ಹಿಡಿದಿದ್ದು 1915ರ ಚರ್ಚಿಲ್. ಆಗ ಮೊದಲ ಮಹಾಯುದ್ಧ ನಡೀತಿತ್ತು, ಆತ ಬ್ರಿಟನ್ನಿನ ನೌಕಾಪಡೆ ಮಂತ್ರಿ, ಟರ್ಕಿಯ ಡಾರ್ಡನೆಲ್ಸ್ ಜಲಸಂಧಿಗೆ ಹಡಗು ನುಗ್ಗಿಸಬೇಕು ಅಂತ ಪಟ್ಟು ಹಿಡಿದವ್ರಲ್ಲಿ ಮೊದಲಿಗ. ಮಾರ್ಚ್ 18ರಂದು ಒಂದೇ ದಿನ ಮೂರು ಯುದ್ಧನೌಕೆ ಮುಳುಗಿದ್ವು, ಆಮೇಲೆ ಅದರ ಪಕ್ಕದ ಗಲಿಪೊಲಿ ತೀರದಲ್ಲಿ ಸೈನಿಕರು ಸಾವಿರಗಟ್ಟಲೆ ಸತ್ರು. ಮೇ ತಿಂಗಳಲ್ಲಿ ಆತನನ್ನ ಆ ಖಾತೆಯಿಂದ ಇಳಿಸಿ ಹೆಸರಿಗೊಂದು ಮಂತ್ರಿಗಿರಿ ಕೊಟ್ರು. ಯುದ್ಧದ ಸಭೆಗಳಲ್ಲಿ ಕೂರ್ತಿದ್ರು, ಸುದ್ದಿ ಎಲ್ಲಾ ಗೊತ್ತಾಗ್ತಿತ್ತು, ಒಂದು ಆರ್ಡರ್ ಹಾಕೋ ಅಧಿಕಾರ ಇರ್ಲಿಲ್ಲ. ಇದನ್ನ ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿಟ್ಟು ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಗಟ್ಟಲೆ ಜನ ಸತ್ತಾಗ ಆತನ ಸರ್ಕಾರ ನಡ್ಕೊಂಡಿದ್ದನ್ನ, ಭಾರತೀಯರ ಬಗ್ಗೆ ಆತನಿಗಿದ್ದ ತಾತ್ಸಾರನ ನಾನು ಮರೆತಿಲ್ಲ. ನಾನು ತಗೊಂಡಿದ್ದು ಆ ಮನುಷ್ಯ ಬಿದ್ದಾಗ ಏನು ಮಾಡ್ದ ಅನ್ನೋದನ್ನ ಮಾತ್ರ.

1915ರ ಆ ಬೇಸಿಗೆಯಲ್ಲಿ ಇಂಗ್ಲೆಂಡಿನ ಸರ್ರೆಯ ಒಂದು ತೋಟದ ಮನೆಯಲ್ಲಿ ನಲವತ್ತು ವರ್ಷದ ಚರ್ಚಿಲ್ ಮೊದಲ ಸಲ ಬ್ರಷ್ ಹಿಡಿದ್ರು. ಬಿಳಿ ಕ್ಯಾನ್ವಾಸ್ ಮುಂದೆ ಕೂತು ಸಣ್ಣ ಬ್ರಷ್ಷಲ್ಲಿ ಒಂದು ಕಾಳಿನಷ್ಟು ನೀಲಿ ಇಟ್ಟು, ಮುಂದಕ್ಕೆ ಹೋಗೋ ಧೈರ್ಯ ಸಾಲದೆ ನಿಂತುಬಿಟ್ರಂತೆ. ಆಗ ಕಾರಲ್ಲಿ ಬಂದಿಳಿದ ಹೇಜಲ್ ಲೇವರಿ, ಅಂದ್ರೆ ಚಿತ್ರಕಾರ ಜಾನ್ ಲೇವರಿ ಹೆಂಡತಿ, ದೊಡ್ಡ ಬ್ರಷ್ ಕೇಳಿ ಇಸ್ಕೊಂಡು ನೀಲಿಲಿ ಅದ್ದಿ ಕ್ಯಾನ್ವಾಸ್ ಮೇಲೆ ಬಡಬಡ ಅಂತ ಎಳೆದ್ರು. ಅಲ್ಲಿಗೆ ಭಯ ಬಿಟ್ಟೋಯ್ತು ಅಂತ ಚರ್ಚಿಲ್ಲೇ ಬರ್ಕೊಂಡಿದ್ದಾರೆ. ಬದುಕಿನ ಕೊನೆ ಹೊತ್ತಿಗೆ ಐನೂರಕ್ಕೂ ಹೆಚ್ಚು ಚಿತ್ರ ಬರೆದಿದ್ರು, ಮುಂದೆ ಚಾರ್ಟ್‌ವೆಲ್ ಮನೆಯಲ್ಲಿ ಇಟ್ಟಿಗೆ ಗೋಡೆನೂ ಕಟ್ಟಿದ್ರು.

ನನಗೆ ಚಿತ್ರ ಬರಲ್ಲ. ಮನೇಲಿ ಒಂದು ಹಳೇ ಮರದ ಮೇಜಿತ್ತು, ವಾರ್ನಿಷ್ ಎಲ್ಲಾ ಕಪ್ಪಾಗಿ ಅಂಟಂಟಾಗಿತ್ತು. ದಿನಾ ಸಂಜೆ ಒಂದು ಗಂಟೆ ಅದನ್ನ ಉಜ್ಜೋದು ಅಂತ ಇಟ್ಕೊಂಡೆ. ಮೊದಲು 80 ನಂಬರ್ ಸ್ಯಾಂಡ್ ಪೇಪರ್, ಆಮೇಲೆ 120, ಕೊನೆಗೆ 220. ಮರದ ಎಳೆ ಹೋದ ಕಡೆಗೇ ಉಜ್ಜಬೇಕು, ಅಡ್ಡ ಉಜ್ಜಿದ್ರೆ ಬಿದ್ದ ಗೀರು ಪಾಲಿಶ್ ಹಾಕಿದ್ಮೇಲೆ ಎದ್ದು ಕಾಣುತ್ತೆ. ಅದರ ಮೇಲೆ ಗಮನ ಇದ್ದಷ್ಟು ಹೊತ್ತು ತಲೇಲಿ ಆ ಲೈವ್ ದಿನದ ರಾತ್ರಿ ಓಡ್ತಿರ್ಲಿಲ್ಲ. ಎರಡನೇ ವಾರದಿಂದ ನಿದ್ದೆ ಬರೋಕೆ ಶುರುವಾಯ್ತು, ನನಗೆ ಅಷ್ಟೇ ಬೇಕಿತ್ತು.

ಆಮೇಲಿನ ಹೆಜ್ಜೆ ಕಷ್ಟದ್ದು. ಚರ್ಚಿಲ್ ನವೆಂಬರಲ್ಲಿ ಮಂತ್ರಿಗಿರಿಗೆ ರಾಜೀನಾಮೆ ಬಿಸಾಕಿ ಫ್ರಾನ್ಸಿಗೆ ಹೋಗಿ, 1916ರ ಜನವರಿಯಿಂದ ಬೆಲ್ಜಿಯಂನ ಪ್ಲೂಗ್‌ಸ್ಟೀರ್ಟ್ ಹತ್ರ ಕಂದಕದಲ್ಲಿ ಒಂದು ಬೆಟಾಲಿಯನ್ ನಡೆಸಿದ್ರು. ಇಡೀ ನೌಕಾಪಡೆ ನೋಡ್ಕೋತಿದ್ದ ಮನುಷ್ಯ ಅಲ್ಲಿ ಹೋಗಿ ಮೊದಲು ಹಿಡಿದ ಕೆಲಸಗಳಲ್ಲಿ ಒಂದು ಸೈನಿಕರ ಮೈಮೇಲಿನ ಹೇನು ಹೋಗಲಾಡಿಸೋದು! ನಾನೂ ಮ್ಯಾನೇಜರ್ ಹತ್ರ ಹೋಗಿ, ಸರ್, ನನ್ನನ್ನ ಸಪೋರ್ಟ್ ಡೆಸ್ಕಿಗೆ ಹಾಕಿ ಅಂದೆ. ಅವ್ರು ಎರಡು ಸಲ ಕೇಳಿದ್ರು, ನಿಜವಾಗ್ಲೂನಾ ಅಂತ. ಒಂಬತ್ತು ತಿಂಗಳು ಅಲ್ಲಿ ಕಾಲ್ ತಗೊಂಡೆ, ನಾನೇ ಅವಸರದಲ್ಲಿ ಬಿಟ್ಟ ಸಾಫ್ಟ್‌ವೇರಿಂದ ಬಿಲ್ ಹಾಕೋಕಾಗದೆ ಒದ್ದಾಡ್ತಿದ್ದವರ ದನಿ ಕೇಳಿಸ್ಕೊಂಡೆ. ಒಬ್ಬ ಹೆಂಗಸು ಬೈಯ್ಯಲೂ ಇಲ್ಲ, ನಿನ್ನೆಯಿಂದ ಇದನ್ನೇ ಒತ್ತುತಾ ಇದೀನಪ್ಪ ಅಂದ್ರು ಅಷ್ಟೇ. ಆ ದನಿ ಇವತ್ತಿಗೂ ಕಿವೀಲಿದೆ.

ಮತ್ತೆ ಟೀಮ್ ಸಿಕ್ಕಾಗ ನಾನು ಹಿಡ್ಕೊಂಡಿದ್ದು 1940ರ ಜೂನ್ 4ರ ಭಾಷಣ. ಜರ್ಮನ್ನರು ಸುತ್ತುವರಿದಿದ್ದ ಫ್ರಾನ್ಸಿನ ಡನ್‌ಕರ್ಕ್‌ನಿಂದ 3,38,000 ಸೈನಿಕರು ಪಾರಾಗಿ ಬಂದಿದ್ರು, ದೇಶ ಖುಷಿಲಿತ್ತು. ಆದ್ರೆ ಚರ್ಚಿಲ್ ಆ ದಿನ ಪಾರ್ಲಿಮೆಂಟಲ್ಲಿ ಇದನ್ನ ಗೆಲುವು ಅಂದ್ಕೋಬೇಡಿ, ಜಾಗ ಖಾಲಿ ಮಾಡಿ ಯುದ್ಧ ಗೆಲ್ಲೋಕಾಗಲ್ಲ ಅಂತ ಹೇಳಿ, ಕಳ್ಕೊಂಡ ಫಿರಂಗಿ, ವಾಹನ ಎಲ್ಲದರ ಲೆಕ್ಕ ಕೊಟ್ರು. ಕಡಲತೀರದಲ್ಲಿ ಹೋರಾಡ್ತೀವಿ ಅನ್ನೋ ಮಾತು ಬಂದಿದ್ದು ಆ ಲೆಕ್ಕ ಎಲ್ಲಾ ಮುಗಿದ್ಮೇಲೆ, ಭಾಷಣದ ಕೊನೇಲಿ. ನಮಗೆ ಆ ಕೊನೆ ಸಾಲು ಮಾತ್ರ ನೆನಪಿದೆ, ನನಗೆ ಕೆಲಸಕ್ಕೆ ಬಂದಿದ್ದು ಅದರ ಮುಂಚಿನ ಲೆಕ್ಕ.

ಹೊಸ ಪ್ರಾಜೆಕ್ಟಿನ ಕ್ಲೈಂಟ್ ಮೀಟಿಂಗಲ್ಲಿ ಮೊದಲನೇ ಸ್ಲೈಡ್ ನಾನೇ ಮಾಡಿದ್ದು, ಏನೇನು ಇನ್ನೂ ಕೆಲಸ ಮಾಡ್ತಿಲ್ಲ ಅನ್ನೋ ಪಟ್ಟಿ. ಹನ್ನೊಂದು ಐಟಂ ಇದ್ವು. ರೂಮಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ, ಆಮೇಲೆ ಒಂದೊಂದಾಗಿ ಅದನ್ನೇ ಹಿಡ್ಕೊಂಡು ಚರ್ಚೆ ಶುರುವಾಯ್ತು. ಲೈವ್ ಡೇಟ್ ಆರು ವಾರ ಮುಂದಕ್ಕೆ ಹೋಯ್ತು.